ಭಕ್ತಿಯ ಮನೆಗೂ ತಪಾಸಣೆ ಬೇಕು

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಕ್ಷೌರದಂಗಡಿ ಇಡಬೇಕಾದರೆ ಪರವಾನಗಿ ಬೇಕು. ಅಂಗಡಿಗೂ ಬೇಕು, ಕತ್ತರಿ ಹಿಡಿಯುವವನಿಗೂ ಬೇಕು. ಅದೇ ರಾಜ್ಯದಲ್ಲಿ 1982ರಿಂದ ಸುಮಾರು ನಾಲ್ಕು ದಶಕ, ಊರಾಚೆ ಜಮೀನು ಕೊಂಡು ಹತ್ತಾರು ಹದಿಹರೆಯದ ಮಕ್ಕಳನ್ನು ವರ್ಷಗಟ್ಟಲೆ ಇರಿಸಿಕೊಳ್ಳುವವರಿಗೆ ಯಾವ ಪರವಾನಗಿಯೂ ಬೇಕಿರಲಿಲ್ಲ. ‘ನಮ್ಮದು ಧಾರ್ಮಿಕ ಸಂಸ್ಥೆ’ ಎಂದರೆ ಮುಗಿಯಿತು. ಒಳಗೆ ಎಷ್ಟು ಮಕ್ಕಳಿದ್ದಾರೆ, ಅವರನ್ನು ನೋಡಿಕೊಳ್ಳುವವರು ಯಾರು, ಆ ನೋಡಿಕೊಳ್ಳುವವರ ಮೇಲೆ ಹಿಂದೆ ಕೇಸುಗಳಿದ್ದವೇ ಎಂದು ವಿಚಾರಿಸುವ ವ್ಯವಸ್ಥೆಯೇ ಇರಲಿಲ್ಲ. ಇಂಥ ಮನೆಗಳು ಎಷ್ಟಿವೆ ಎಂಬ ಪಟ್ಟಿ ಕೂಡ ಸರ್ಕಾರದ ಬಳಿ ಇರಲಿಲ್ಲ.

ಕೈ ಮೀರಿದ ಮಕ್ಕಳನ್ನು ಕ್ರೈಸ್ತ ಧರ್ಮದ ಚೌಕಟ್ಟಿನಲ್ಲಿ ‘ಸರಿ ದಾರಿಗೆ ತರುವ’ ವಸತಿ ಮನೆಗಳು ಅಮೆರಿಕದ ಹಲವು ರಾಜ್ಯಗಳಲ್ಲಿವೆ. ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತವೆ. ಹುಲ್ಲುಗಾವಲು, ಕುದುರೆ ಲಾಯ, ಬೈಬಲ್ ಹಿಡಿದು ನಗುತ್ತಿರುವ ಹುಡುಗ ಹುಡುಗಿಯರ ಫೋಟೊ. ಹೆಸರಿನ ಕೊನೆಗೆ ರ‍್ಯಾಂಚ್, ಅಕಾಡೆಮಿ, ಬೋರ್ಡಿಂಗ್ ಸ್ಕೂಲ್ ಎಂದೇನಾದರೂ ಇರುತ್ತದೆ. ತಿಂಗಳ ಶುಲ್ಕ ಸಾವಿರಾರು ಡಾಲರ್. ಕೆಲವು ಮನೆಗಳು ದೇಣಿಗೆಯಿಂದಲೇ ನಡೆಯುತ್ತವೆ. ಮಗು ತಾನಾಗಿ ಬರಲು ಒಪ್ಪದಿದ್ದರೆ ಕರೆದೊಯ್ಯಲು ಬಾಡಿಗೆ ಜನರೂ ಸಿಗುತ್ತಾರೆ. ಬೆಳಕು ಹರಿಯುವ ಮುಂಚೆ ಇಬ್ಬರು ಗಟ್ಟಿಮುಟ್ಟಾದ ಅಪರಿಚಿತರು ಮಲಗುವ ಕೋಣೆಗೇ ಬಂದು ಹುಡುಗನನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸುತ್ತಾರೆ. ಅಪ್ಪ ಅಮ್ಮ ಸಹಿ ಹಾಕಿರುವುದರಿಂದ ಸಾಮಾನ್ಯವಾಗಿ ಅದನ್ನು ಅಪಹರಣ ಎನ್ನುವಂತಿಲ್ಲ.

ಹೀಗೆ ಸಹಿ ಹಾಕುವವರು ಕಟುಕರಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹದಿನೈದರ ಮಗ ಮಾದಕ ವಸ್ತುವಿನ ಸಹವಾಸಕ್ಕೆ ಬಿದ್ದಿದ್ದಾನೆ. ಮಗಳು ಎರಡು ಸಲ ಮನೆ ಬಿಟ್ಟು ಹೋಗಿದ್ದಾಳೆ, ಕೈ ಕೊಯ್ದುಕೊಂಡಿದ್ದಾಳೆ. ಶಾಲೆಯವರು ಕೈಚೆಲ್ಲಿದ್ದಾರೆ. ಮನೋವೈದ್ಯರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕು, ವಿಮೆ ಅರ್ಧಕ್ಕೇ ನಿಲ್ಲುತ್ತದೆ. ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಹೆತ್ತವರಿಗೆ, ತಮ್ಮದೇ ಚರ್ಚಿನ ಪಾದ್ರಿಯೊಬ್ಬರು ‘ಇಂಥದೊಂದು ಮನೆಯಿದೆ, ದೇವರಂಥ ಜನ’ ಎಂದರೆ ಅದು ಕೊನೆಯ ಆಸರೆಯಂತೆ ಕಾಣುತ್ತದೆ. ನಮ್ಮ ಊರುಗಳಲ್ಲಿ ‘ಮಠಕ್ಕೆ ಬಿಡಿ, ಸರಿಹೋಗ್ತಾನೆ’, ‘ಹಾಸ್ಟೆಲ್‌ಗೆ ಹಾಕಿ, ಬುದ್ಧಿ ಬರುತ್ತೆ’ ಎಂದು ಹೇಳುವುದಿಲ್ಲವೇ? ಮಾತು ಬೇರೆಯಾದರೂ ಹೆತ್ತವರ ಸಂಕಟ ಒಂದೇ.

ಆ ಸಂಕಟದ ಹೊತ್ತಿನಲ್ಲಿ ಅವರು ಆರಿಸಿಕೊಳ್ಳುವ ಮನೆ ಎಂಥದು ಎಂಬುದೇ ಇಲ್ಲಿ ಮುಖ್ಯ. ಕ್ರೈಸ್ತ ವಸತಿ ಪಾಲನೆಯಲ್ಲಿ ಎರಡು ಪರಂಪರೆಗಳಿವೆ. ಎರಡರ ಕೈಯಲ್ಲೂ ಅದೇ ಬೈಬಲ್ ಇದೆ. ಆದರೂ ಒಂದರಲ್ಲಿ ಸಾವಿರಾರು ಮಕ್ಕಳು ಬದುಕು ಕಟ್ಟಿಕೊಂಡರು, ಇನ್ನೊಂದರಲ್ಲಿ ಹಲವರು ಬದುಕಿಡೀ ಮರೆಯಲಾಗದ ಪೆಟ್ಟು ತಿಂದರು.

ಟೆಕ್ಸಾಸಿನ ಬೋಧಕ

ಎರಡನೆಯದರಿಂದಲೇ ಶುರು ಮಾಡೋಣ. ಲೆಸ್ಟರ್ ರೋಲಾಫ್ ಟೆಕ್ಸಾಸಿನ ಬ್ಯಾಪ್ಟಿಸ್ಟ್ ಬೋಧಕ. 1944ರಿಂದ ರೇಡಿಯೊದಲ್ಲಿ ಪ್ರವಚನ ಮಾಡುತ್ತ ಮನೆಮಾತಾದವರು. 1960ರ ದಶಕದ ಕೊನೆಯಲ್ಲಿ ಕಾರ್ಪಸ್ ಕ್ರಿಸ್ಟಿ ನಗರದ ಬಳಿ ‘ದಾರಿ ತಪ್ಪಿದ’ ಹುಡುಗಿಯರಿಗಾಗಿ ರೆಬೆಕಾ ಹೋಮ್ ತೆರೆದರು. 1973ರಲ್ಲಿ ಅಲ್ಲಿದ್ದ ಹದಿನಾರು ಹುಡುಗಿಯರು ಪ್ರಮಾಣಪತ್ರ ಬರೆದುಕೊಟ್ಟು, ಚರ್ಮದ ಪಟ್ಟಿಯಿಂದ ಹೊಡೆಯುತ್ತಾರೆ, ಕೊಳವೆಗೆ ಕೈಕೋಳ ಹಾಕಿ ಕಟ್ಟುತ್ತಾರೆ ಎಂದು ದೂರಿದರು. ರೋಲಾಫ್ ಹೊಡೆತವನ್ನು ಅಲ್ಲಗಳೆಯಲಿಲ್ಲ. ಆತ್ಮ ಕಪ್ಪಾಗುವುದಕ್ಕಿಂತ ಕುಂಡೆ ಕೆಂಪಾಗುವುದು ವಾಸಿ ಎಂಬರ್ಥದ ಮಾತಾಡಿ ಸಮರ್ಥಿಸಿಕೊಂಡರು.

ಪರವಾನಗಿ ತೆಗೆದುಕೊಳ್ಳಿ ಎಂದು ರಾಜ್ಯ ಸರ್ಕಾರ ಹೇಳಿತು. ದೇವರ ಕೆಲಸಕ್ಕೆ ಸರ್ಕಾರದ ಅಪ್ಪಣೆ ಯಾಕೆ ಎಂದು ರೋಲಾಫ್ ಕೇಳಿದರು. ಕೋರ್ಟು, ದಂಡ, ಜೈಲು ಎಲ್ಲವೂ ಆಯಿತು. 1979ರಲ್ಲಿ ಅಧಿಕಾರಿಗಳು ಮಕ್ಕಳನ್ನು ಬಿಡಿಸಿಕೊಳ್ಳಲು ಬಂದಾಗ ಬೆಂಬಲಿಗರು ಕೈ ಕೈ ಹಿಡಿದು ಸುತ್ತುವರಿದು ನಿಂತರು. ಟೆಕ್ಸಾಸಿನ ಇತಿಹಾಸದ ಪ್ರಸಿದ್ಧ ಕೋಟೆ ಕಾಳಗವನ್ನು ನೆನೆದು ಅದನ್ನು ‘ಕ್ರಿಶ್ಚಿಯನ್ ಅಲಾಮೊ’ ಎಂದು ಕರೆದರು. 1982ರಲ್ಲಿ ರೋಲಾಫ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1985ರಲ್ಲಿ ಟೆಕ್ಸಾಸಿನ ಮನೆಗಳು ಮುಚ್ಚಿದವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪರವಾನಗಿಯ ಕಾಟವಿಲ್ಲದ ಮಿಸೌರಿಯ ಬಾಗಿಲು ತೆರೆದಿತ್ತು, ಕೆಲಸ ಅಲ್ಲಿಗೆ ವಲಸೆ ಹೋಯಿತು. 1997ರಲ್ಲಿ ಜಾರ್ಜ್ ಬುಷ್ ಟೆಕ್ಸಾಸಿನ ಗವರ್ನರ್ ಆಗಿದ್ದಾಗ ಹೊಸ ಕಾಯ್ದೆ ಬಂತು. ಧಾರ್ಮಿಕ ಮನೆಗಳು ಸರ್ಕಾರದ ಬದಲು ತಮ್ಮಂಥವರೇ ಕಟ್ಟಿಕೊಂಡ ಸಂಘದಿಂದ ಮಾನ್ಯತೆ ಪಡೆದರೆ ಸಾಕು ಎಂದಿತು. ರೋಲಾಫ್ ಬಳಗದ ಮನೆಗಳು ಮರಳಿ ಬಂದವು, ದೂರುಗಳೂ ಮರಳಿ ಬಂದವು. ಪರೀಕ್ಷೆ ಬರೆಯುವವರೇ ಉತ್ತರ ಪತ್ರಿಕೆ ತಿದ್ದುವ ಆ ಏರ್ಪಾಟನ್ನು 2001ರಲ್ಲಿ ಶಾಸನಸಭೆ ಮುಂದುವರಿಸಲಿಲ್ಲ.

ದೂರು ಸತ್ತುಹೋಗುವ ಬಗೆ

ಹೊಡೆತ ಬಡಿತದ ಸುದ್ದಿ ಹೆತ್ತವರ ಕಿವಿಗೆ ಬೀಳುವುದಿಲ್ಲವೇ? ಬಿದ್ದರೂ ಸುಮ್ಮನಿರುತ್ತಾರೆಯೇ? ಇಂಥ ಮನೆಗಳಲ್ಲಿದ್ದು ಬಂದವರು ಬೇರೆ ಬೇರೆ ರಾಜ್ಯ, ಬೇರೆ ಬೇರೆ ದಶಕಗಳವರಾದರೂ ಹೇಳುವ ವಿವರ ಮಾತ್ರ ಬಹುಮಟ್ಟಿಗೆ ಒಂದೇ.

ಮೊದಲ ಕೆಲವು ವಾರ ಮನೆಗೆ ಫೋನ್ ಮಾಡುವಂತಿಲ್ಲ. ಬರೆದ ಪತ್ರವನ್ನು ಸಿಬ್ಬಂದಿ ಓದಿಯೇ ಕಳಿಸುತ್ತಾರೆ. ಆಮೇಲೆ ಫೋನಿಗೆ ಅವಕಾಶ ಸಿಕ್ಕರೂ ವಾರಕ್ಕೊಮ್ಮೆ, ಹತ್ತು ನಿಮಿಷ, ಅದೂ ಮೇಲ್ವಿಚಾರಕರು ಪಕ್ಕದಲ್ಲಿ ಕೂತಿರುವಾಗ. ಇಷ್ಟಾದರೂ ಮಗು ಬಾಯಿಬಿಟ್ಟು ‘ಅಮ್ಮಾ, ನನ್ನನ್ನ ಕರಕೊಂಡು ಹೋಗು, ಇಲ್ಲಿ ಹೊಡೀತಾರೆ’ ಎಂದಿತು ಅನ್ನಿ. ಅಮ್ಮನಿಗೆ ಆಶ್ಚರ್ಯವಾಗುವುದಿಲ್ಲ. ಯಾಕೆಂದರೆ ಸೇರಿಸಿದ ದಿನವೇ ಅವಳಿಗೆ ಹೇಳಿರುತ್ತಾರೆ: ‘ಮೊದಮೊದಲು ನಿಮ್ಮ ಮಗು ಸುಳ್ಳು ಹೇಳುತ್ತದೆ. ಹೊಡೆಯುತ್ತಾರೆ, ಊಟ ಕೊಡುವುದಿಲ್ಲ ಎಂದು ಅಳುತ್ತದೆ. ಕರಗಬೇಡಿ. ಕರಗಿದರೆ ಇಷ್ಟು ದಿನದ ಶ್ರಮ ಹಾಳು.’ ಮಗುವಿನ ಬಾಯಿಂದ ಅದೇ ಮಾತು ಬಂದಾಗ ಅಮ್ಮನಿಗೆ ಸಂಸ್ಥೆಯ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ, ‘ನೋಡಿ, ಅವರು ಹೇಳಿದ ಹಾಗೇ ಆಯಿತು’ ಎನಿಸುತ್ತದೆ. ದೂರು ಹೊರಡುವ ಮೊದಲೇ ಅದಕ್ಕೆ ಸುಳ್ಳಿನ ಮುದ್ರೆ ಬಿದ್ದಾಗಿದೆ. ಬೆತ್ತಕ್ಕಿಂತ ಕ್ರೂರವಾದದ್ದು ಇದು. ಬೆತ್ತ ಮೈಗೆ ಬೀಳುತ್ತದೆ, ಇದು ತಾಯಿ ಮಗುವಿನ ನಡುವಿನ ನಂಬಿಕೆಗೇ ಬೀಳುತ್ತದೆ.

ಇದರ ಜತೆಗೆ ಮಟ್ಟಗಳ ಲೆಕ್ಕ. ಹೊಸದಾಗಿ ಬಂದವರು ಸೊನ್ನೆಯಲ್ಲಿರುತ್ತಾರೆ. ಕೂರಲು, ಏಳಲು, ಶೌಚಾಲಯಕ್ಕೆ ಹೋಗಲು ಅನುಮತಿ ಕೇಳಬೇಕು. ವಿಧೇಯತೆ ತೋರಿದರೆ, ಪಾಪ ಒಪ್ಪಿಕೊಂಡರೆ, ಬೈಬಲ್ ವಚನ ಬಾಯಿಪಾಠ ಮಾಡಿದರೆ ಮೇಲಿನ ಮಟ್ಟ. ಮೇಲಿನ ಮಟ್ಟದವರಿಗೆ ಕೆಳಗಿನವರ ಮೇಲೆ ಅಧಿಕಾರ. ಬಿಡುಗಡೆ ಯಾವಾಗ ಎಂಬುದು ಭಕ್ತಿಯ ಪ್ರದರ್ಶನದ ಮೇಲೆ ನಿಂತಾಗ ಮಕ್ಕಳು ಕಲಿಯುವುದು ಪ್ರಾರ್ಥನೆಯನ್ನಲ್ಲ, ನಟನೆಯನ್ನು. ಹಲವರು ಅಲ್ಲಿಂದ ಹೊರಬಂದ ಮೇಲೆ ಚರ್ಚಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಶ್ರದ್ಧೆ ಬೆಳೆಸುತ್ತೇವೆಂದವರು ಶ್ರದ್ಧೆಯ ಬೇರನ್ನೇ ಕಿತ್ತರು.

ಡೊಮಿನಿಕನ್ ರಿಪಬ್ಲಿಕ್‌ನ ಹರಬಕೋವಾ ಎಂಬ ಬೆಟ್ಟದೂರಿನಲ್ಲಿ ಎಸ್ಕುಯೆಲಾ ಕರೀಬೆ ಎಂಬ ಶಾಲೆಯಿತ್ತು. ಇಂಡಿಯಾನಾ ರಾಜ್ಯದ ಕ್ರೈಸ್ತ ಸಂಸ್ಥೆಯೊಂದು 1970ರ ದಶಕದಿಂದ ನಡೆಸುತ್ತಿತ್ತು. ಅಮೆರಿಕದ ಮಕ್ಕಳು ಅಮೆರಿಕದ ಕಾನೂನಿನ ಆಚೆಗೆ ಸಾಗಿಹೋಗುತ್ತಿದ್ದರು. 2006ರಲ್ಲಿ ಕೇಟ್ ಲೋಗನ್ ಎಂಬ ಸಿನಿಮಾ ವಿದ್ಯಾರ್ಥಿನಿ ಅಲ್ಲಿಗೆ ಹೋದಳು. ಅವಳೂ ಕ್ರೈಸ್ತ ಕಾಲೇಜೊಂದರಲ್ಲಿ ಓದುತ್ತಿದ್ದವಳೇ. ದಾರಿ ತಪ್ಪಿದ ಮಕ್ಕಳು ಬದಲಾಗುವ ಒಳ್ಳೆಯ ಕಥೆಯನ್ನು ಚಿತ್ರಿಸಬೇಕೆಂಬ ಆಸೆಯಿಂದ ಹೋದವಳಿಗೆ ಕಂಡದ್ದೇ ಬೇರೆ. ತಾನು ಸಲಿಂಗಿ ಎಂದು ಮನೆಯಲ್ಲಿ ಹೇಳಿಕೊಂಡದ್ದಕ್ಕೆ ಅಲ್ಲಿಗೆ ಬಂದುಬಿದ್ದ, ಓದಿನಲ್ಲಿ ಮುಂದಿದ್ದ ಹುಡುಗನೊಬ್ಬ ಅವಳ ಕೈಗೆ ಗುಟ್ಟಾಗಿ ಪತ್ರ ಕೊಟ್ಟ. 2014ರಲ್ಲಿ ಹೊರಬಂದ ಅವಳ ಸಾಕ್ಷ್ಯಚಿತ್ರದ ಹೆಸರೇ ‘ಕಿಡ್ನ್ಯಾಪ್ಡ್ ಫಾರ್ ಕ್ರೈಸ್ಟ್’. ಶಾಲೆ ಅಷ್ಟರಲ್ಲಿ, 2011ರಲ್ಲೇ, ಮುಚ್ಚಿತ್ತು.

ಮಿಸೌರಿಗೆ ಮರಳೋಣ. 2020ರಲ್ಲಿ ಅಲ್ಲಿನ ಸರ್ಕಲ್ ಆಫ್ ಹೋಪ್ ಎಂಬ ಹುಡುಗಿಯರ ಮನೆಯ ಒಳಗುಟ್ಟನ್ನು ಬಯಲಿಗೆಳೆದವಳು ಅದನ್ನು ನಡೆಸುತ್ತಿದ್ದ ದಂಪತಿಯ ಸ್ವಂತ ಮಗಳು. ಟಿಕ್‌ಟಾಕ್‌ನಲ್ಲಿ ಅವಳು ಹಾಕಿದ ವಿಡಿಯೊಗಳು ಹರಿದಾಡಿದ ಮೇಲೆ ಅಧಿಕಾರಿಗಳು ಬಂದು ಎರಡು ಡಜನ್‌ನಷ್ಟು ಹುಡುಗಿಯರನ್ನು ಹೊರಗೆ ಕರೆತಂದರು. ‘ಕನ್ಸಾಸ್ ಸಿಟಿ ಸ್ಟಾರ್’ ಪತ್ರಿಕೆ ಬೆನ್ನುಬಿಡದೆ ಬರೆಯಿತು. 2021ರ ಮಾರ್ಚಿನಲ್ಲಿ ದಂಪತಿಯ ಮೇಲೆ ನೂರರಷ್ಟು ಆರೋಪ ದಾಖಲಾದವು. ಇಬ್ಬರೂ ತಪ್ಪೊಪ್ಪಿಕೊಳ್ಳಲಿಲ್ಲ. ವಿಚಾರಣೆ ಮುಗಿಯುವ ಮುನ್ನವೇ, 2024ರಲ್ಲಿ, ಗಂಡ ತೀರಿಕೊಂಡ. ಸ್ಟಾಕ್ಟನ್‌ನ ಅಗಾಪೆ ಬೋರ್ಡಿಂಗ್ ಸ್ಕೂಲಿನ ಐವರು ಸಿಬ್ಬಂದಿಯ ಮೇಲೆ ಹಲ್ಲೆಯ ಆರೋಪ ಬಂತು, ಶಾಲೆ 2023ರ ಜನವರಿಯಲ್ಲಿ ಮುಚ್ಚಿತು. ಹಣವಿಲ್ಲದ್ದರಿಂದ ಮುಚ್ಚುತ್ತಿದ್ದೇವೆ ಎಂದು ಶಾಲೆ ಹೇಳಿಕೊಂಡಿತು. ಈ ಗದ್ದಲದ ನಡುವೆ 2021ರ ಜುಲೈನಲ್ಲಿ ಮಿಸೌರಿ ಹೊಸ ಕಾಯ್ದೆ ತಂದಿತು. ಇಂಥ ಮನೆಗಳು ತಾವಿದ್ದೇವೆಂದು ಸರ್ಕಾರಕ್ಕೆ ತಿಳಿಸಬೇಕು, ಸಿಬ್ಬಂದಿಯ ಹಿನ್ನೆಲೆ ತಪಾಸಣೆಯಾಗಬೇಕು, ಬೆಂಕಿ ಸುರಕ್ಷತೆ ಮತ್ತು ನೈರ್ಮಲ್ಯದ ಪರೀಕ್ಷೆಯಾಗಬೇಕು, ಹೆತ್ತವರು ಯಾವಾಗ ಬೇಕಾದರೂ ಮಗುವನ್ನು ಕಾಣುವಂತಿರಬೇಕು. ಇಷ್ಟು ಕೇಳಲು ಮೂವತ್ತೊಂಬತ್ತು ವರ್ಷ ಹಿಡಿಯಿತು.

ಓಮಾಹಾದ ಪಾದ್ರಿ

ಇಷ್ಟನ್ನು ಓದಿದವರು ‘ಧರ್ಮವನ್ನು ಮಕ್ಕಳ ಪಾಲನೆಯಿಂದ ದೂರವಿಡಿ’ ಎನ್ನಬಹುದು. ಆ ತೀರ್ಮಾನ ಅವಸರದ್ದು. ಅದಕ್ಕೆ ಇನ್ನೊಂದು ಪರಂಪರೆಯನ್ನು ನೋಡಬೇಕು.

ಇಟಲಿಯ ಟ್ಯೂರಿನ್ ನಗರದಲ್ಲಿ ಯುವ ಪಾದ್ರಿ ಜಾನ್ ಬೋಸ್ಕೊ ಜೈಲಿಗೆ ಹೋಗಿ ಅಲ್ಲಿದ್ದ ಹುಡುಗರನ್ನು ಕಂಡರು. ಕೈಗಾರಿಕಾ ನಗರಕ್ಕೆ ಕೂಲಿ ಅರಸಿ ಬಂದು ಬೀದಿಪಾಲಾದವರು, ಬಿಡುಗಡೆಯಾದರೆ ಮತ್ತೆ ಅಲ್ಲಿಗೇ ಬರುವವರು. 1841ರಲ್ಲಿ ಅಂಥ ಹುಡುಗರನ್ನು ಕೂಡಿಸಿಕೊಂಡು ಬೋಸ್ಕೊ ಕೆಲಸ ಶುರು ಮಾಡಿದರು. 1846ರಲ್ಲಿ ತಮ್ಮ ತಾಯಿ ಮಾರ್ಗರೀಟಾರನ್ನು ಹಳ್ಳಿಯಿಂದ ಕರೆತಂದರು. ಆ ತಾಯಿ ಹತ್ತು ವರ್ಷ, ತಾವು ಸಾಯುವವರೆಗೂ, ಯಾರದೋ ಮಕ್ಕಳಿಗೆ ಅಡುಗೆ ಮಾಡಿ, ಹರಿದ ಬಟ್ಟೆ ಹೊಲಿದುಕೊಟ್ಟರು. ಬೋಸ್ಕೊ ಅವರ ವಿಧಾನಕ್ಕೆ ಮೂರು ಆಧಾರ: ವಿವೇಕ, ಧರ್ಮ, ವಾತ್ಸಲ್ಯ. ಹೊಡೆದು ತಿದ್ದುವುದು ಬೇಡ, ತಪ್ಪು ನಡೆಯುವ ಮೊದಲೇ ಮಕ್ಕಳ ಜತೆಗಿದ್ದು ತಡೆಯಿರಿ ಎಂಬುದು ಅದರ ಸಾರ. ಅವರು ಕಟ್ಟಿದ ಸಲೇಶಿಯನ್ ಸಭೆಯ ವಿದ್ಯಾರ್ಥಿಗಳೇ 1980ರಲ್ಲಿ ಬೆಂಗಳೂರಿನ ಬೀದಿ ಮಕ್ಕಳ ನಡುವೆ ಕೆಲಸ ಆರಂಭಿಸಿದರು. ಬೆಂಗಳೂರು ಓಣಿಯವರ ಸೇವಾ ಕೂಟ, ಅಂದರೆ ‘ಬಾಸ್ಕೊ’ ಹುಟ್ಟಿದ್ದು ಹಾಗೆ. ಊರು ಬಿಟ್ಟು ರೈಲು ನಿಲ್ದಾಣಕ್ಕೆ ಬಂದಿಳಿದ ಎಷ್ಟೋ ಹುಡುಗರಿಗೆ ಈ ನಗರದಲ್ಲಿ ಮೊದಲು ಸಿಕ್ಕ ನೆಲೆ ಅದು.

ಅಮೆರಿಕದಲ್ಲಿ ಈ ಪರಂಪರೆಯ ದೊಡ್ಡ ಹೆಸರು ಎಡ್ವರ್ಡ್ ಫ್ಲಾನಗನ್. ಐರ್ಲೆಂಡಿನಿಂದ ಬಂದ ಕ್ಯಾಥೊಲಿಕ್ ಪಾದ್ರಿ. 1917ರ ಡಿಸೆಂಬರಿನಲ್ಲಿ 90 ಡಾಲರ್ ಸಾಲ ಮಾಡಿ, ನೆಬ್ರಾಸ್ಕಾದ ಓಮಾಹಾ ನಗರದಲ್ಲಿ ಬಾಡಿಗೆ ಮನೆ ಹಿಡಿದು ಕೆಲವೇ ಹುಡುಗರೊಂದಿಗೆ ಆರಂಭಿಸಿದರು. ಅದೇ ಮುಂದೆ ಬಾಯ್ಸ್ ಟೌನ್ ಆಯಿತು. ಆ ಕಾಲದ ಸುಧಾರಣಾ ಶಾಲೆಗಳಿಗಿದ್ದಂಥ ಬೇಲಿ ಇಲ್ಲಿರಲಿಲ್ಲ. ಯಾವ ಜಾತಿ, ಬಣ್ಣ, ಧರ್ಮದ ಹುಡುಗ ಬಂದರೂ ಜಾಗವಿತ್ತು. ಹುಡುಗರೇ ಮತ ಹಾಕಿ ತಮ್ಮ ಮೇಯರ್‌ನನ್ನು ಆರಿಸುತ್ತಿದ್ದರು. ಹುಟ್ಟುಕೆಟ್ಟ ಹುಡುಗ ಎಂಬುವನಿಲ್ಲ, ಕೆಟ್ಟ ಪರಿಸರ ಮತ್ತು ಕೆಟ್ಟ ಮಾದರಿ ಮಾತ್ರ ಇವೆ ಎಂಬುದು ಫ್ಲಾನಗನ್ ಅವರ ನಂಬಿಕೆ. 1938ರಲ್ಲಿ ಈ ಕಥೆ ಹಾಲಿವುಡ್ ಸಿನಿಮಾ ಆಗಿ, ಪಾದ್ರಿಯ ಪಾತ್ರಕ್ಕೆ ಸ್ಪೆನ್ಸರ್ ಟ್ರೇಸಿಗೆ ಆಸ್ಕರ್ ಬಂತು.

1946ರಲ್ಲಿ ಫ್ಲಾನಗನ್ ತಾಯ್ನಾಡಿಗೆ ಹೋದರು. ಅಲ್ಲಿ ಧಾರ್ಮಿಕ ಸಭೆಗಳು ನಡೆಸುತ್ತಿದ್ದ ಮಕ್ಕಳ ಕೈಗಾರಿಕಾ ಶಾಲೆಗಳ ಸ್ಥಿತಿ ಕೇಳಿ, ಇದು ದೇಶಕ್ಕೇ ಅವಮಾನ ಎಂದು ಬಹಿರಂಗವಾಗಿ ಹೇಳಿದರು. ತಮ್ಮದೇ ಚರ್ಚಿನ, ತಮ್ಮದೇ ದೇಶದ ಸಂಸ್ಥೆಗಳ ವಿರುದ್ಧ ಪಾದ್ರಿಯೊಬ್ಬ ಮಾತಾಡಿದ್ದು ಅಲ್ಲಿನವರಿಗೆ ಹಿಡಿಸಲಿಲ್ಲ. ನ್ಯಾಯ ಸಚಿವರು ಸಂಸತ್ತಿನಲ್ಲೇ ಅದನ್ನು ತಳ್ಳಿಹಾಕಿದರು. 1948ರಲ್ಲಿ ಫ್ಲಾನಗನ್ ಬರ್ಲಿನ್‌ನಲ್ಲಿ ತೀರಿಕೊಂಡರು. ಅವರು ಹೇಳಿದ್ದು ನಿಜ ಎಂದು ಅಧಿಕೃತ ತನಿಖೆ ದೃಢಪಡಿಸಿದ್ದು 2009ರಲ್ಲಿ, ರಯಾನ್ ಆಯೋಗದ ಐದು ಸಂಪುಟಗಳ ವರದಿ ಹೊರಬಂದಾಗ. ಅಷ್ಟರಲ್ಲಿ ಆ ಮಕ್ಕಳು ಮುದುಕರಾಗಿದ್ದರು, ಎಷ್ಟೋ ಮಂದಿ ಸತ್ತೂ ಹೋಗಿದ್ದರು.

ಬಾಯ್ಸ್ ಟೌನ್ ಕೂಡ ತಪ್ಪಿಲ್ಲದ ಸಂಸ್ಥೆಯಲ್ಲ. 1972ರಲ್ಲಿ ಓಮಾಹಾದ ‘ಸನ್’ ಎಂಬ ಸಣ್ಣ ವಾರಪತ್ರಿಕೆ ಅದರ ಲೆಕ್ಕಪತ್ರ ಹುಡುಕಿ ತೆಗೆಯಿತು. ಪತ್ರಿಕೆಯ ಮಾಲೀಕ ವಾರೆನ್ ಬಫೆಟ್. ಹುಡುಗರಿಗೆ ಊಟ ಬಟ್ಟೆಗೆ ನೆರವಾಗಿ ಎಂದು ದೇಶದ ತುಂಬ ಕೋಟಿಗಟ್ಟಲೆ ಪತ್ರ ಕಳಿಸಿ ದೇಣಿಗೆ ಎತ್ತುತ್ತಿದ್ದ ಸಂಸ್ಥೆಯ ಬಳಿ 20 ಕೋಟಿ ಡಾಲರಿಗೂ ಮೀರಿದ ಆಸ್ತಿ ಇತ್ತು! ಅಲ್ಲಿದ್ದ ಹುಡುಗರು ಏಳುನೂರಕ್ಕೂ ಕಡಿಮೆ. ವರದಿಗೆ 1973ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಮುಂದಿನ ದಶಕಗಳಲ್ಲಿ ಸಂಸ್ಥೆಯ ಮೇಲೆ ಮಕ್ಕಳ ದೌರ್ಜನ್ಯದ ದಾವೆಗಳೂ ಬಂದಿವೆ. ವ್ಯತ್ಯಾಸ ಇರುವುದು ಹೊರಗಿನವರ ಪ್ರಶ್ನೆಗೆ ಸಂಸ್ಥೆ ಹೇಗೆ ನಡೆದುಕೊಂಡಿತು ಎಂಬುದರಲ್ಲಿ. ರೋಲಾಫ್ ಬೆಂಬಲಿಗರು ಸುತ್ತ ಮಾನವ ಸರಪಳಿ ಕಟ್ಟಿದರು. ಬಾಯ್ಸ್ ಟೌನ್ ಪೆಟ್ಟು ತಿಂದ ಮೇಲೆ ಬೊಕ್ಕಸ ಬಿಚ್ಚಿ ಮಕ್ಕಳ ಶ್ರವಣ ಮತ್ತು ಮಾತಿನ ದೋಷಗಳ ಸಂಶೋಧನೆಗೆ ಹಣ ಹಾಕಿತು. ಜತೆಗೇ ತನ್ನ ಪಾಲನೆಯ ರೀತಿಯನ್ನೂ ಬದಲಿಸಿತು.

ಆ ಬದಲಾವಣೆ ಬಂದದ್ದು ಕನ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಿಂದ. ಅವರು 1967ರಲ್ಲಿ ಲಾರೆನ್ಸ್ ಊರಿನಲ್ಲಿ ಶುರು ಮಾಡಿದ ಒಂದು ಮನೆಯ ಮಾದರಿಯನ್ನು ಬಾಯ್ಸ್ ಟೌನ್ 1970ರ ದಶಕದಲ್ಲಿ ಅಳವಡಿಸಿಕೊಂಡಿತು. ದೊಡ್ಡ ಡಾರ್ಮಿಟರಿಗಳು ಹೋಗಿ ಸಾಮಾನ್ಯ ಮನೆಗಳು ಬಂದವು. ಒಂದೊಂದು ಮನೆಯಲ್ಲಿ ತರಬೇತಾದ ಒಬ್ಬ ಗಂಡ ಹೆಂಡತಿ, ಅವರ ಜತೆ ಆರರಿಂದ ಎಂಟು ಮಕ್ಕಳು. ಒಟ್ಟಿಗೆ ಅಡುಗೆ, ಊಟ, ಪಾತ್ರೆ ತೊಳೆಯುವುದು. ಸಂಜೆ ಎಲ್ಲರೂ ಕೂತು ಮನೆಯ ನಿಯಮಗಳ ಬಗ್ಗೆ ಮಾತು. 1979ರಿಂದ ಹುಡುಗಿಯರಿಗೂ ಪ್ರವೇಶ ಸಿಕ್ಕಿತು.

ಇಲ್ಲಿ ಕಲಿಸುವ ಸಂಗತಿಗಳು ನೋಡಲು ತೀರಾ ಸಣ್ಣವು. ‘ಬೇಡ’ ಎಂಬ ಉತ್ತರವನ್ನು ಒಪ್ಪಿಕೊಳ್ಳುವುದು ಹೇಗೆ ಎಂಬುದು ಒಂದು ಪಾಠ. ಅದಕ್ಕೆ ನಾಲ್ಕು ಹೆಜ್ಜೆ: ಹೇಳಿದವರ ಮುಖ ನೋಡು, ಸರಿ ಅನ್ನು, ಸಮಾಧಾನವಾಗಿರು, ಒಪ್ಪಿಗೆ ಇಲ್ಲದಿದ್ದರೆ ಆಮೇಲೆ ಕೇಳು. ಸಿಟ್ಟಿನಲ್ಲಿ ಬಾಗಿಲು ಒದೆಯುವ ಹುಡುಗನಿಗೆ ಇದನ್ನು ದಿನಕ್ಕೆ ಹತ್ತು ಸಲ ಅಭ್ಯಾಸ ಮಾಡಿಸುತ್ತಾರೆ. ಸರಿಯಾಗಿ ಮಾಡಿದಾಗ ಗಮನಿಸಿ ಹೊಗಳುತ್ತಾರೆ. ನಾಲ್ಕನೆಯ ಹೆಜ್ಜೆಯನ್ನು ಗಮನಿಸಿ. ಮಗುವಿಗೆ ಭಿನ್ನಾಭಿಪ್ರಾಯದ ಹಕ್ಕು ಪಾಠದೊಳಗೇ ಇದೆ. ಇನ್ನೂ ಮುಖ್ಯವಾದದ್ದು, ಈ ಮಾದರಿಯಲ್ಲಿ ಆ ದಂಪತಿಯ ಕೆಲಸ ಹೇಗಿದೆ ಎಂದು ನಿಯಮಿತವಾಗಿ ಮಕ್ಕಳನ್ನೇ ಕೇಳುತ್ತಾರೆ. ಹೆತ್ತವರನ್ನು, ಶಾಲಾ ಶಿಕ್ಷಕರನ್ನು, ಸಮಾಜ ಕಾರ್ಯಕರ್ತರನ್ನೂ ಕೇಳುತ್ತಾರೆ. ಆ ಉತ್ತರಗಳ ಮೇಲೆ ದಂಪತಿಯ ಅರ್ಹತೆ ನಿಂತಿರುತ್ತದೆ. ಒಂದು ಪರಂಪರೆಯಲ್ಲಿ ಮಗುವಿನ ಮಾತು ಮೊದಲೇ ಸುಳ್ಳು, ಇನ್ನೊಂದರಲ್ಲಿ ಅದೇ ಅಳತೆಗೋಲು. ಎರಡೂ ಮನೆಗಳಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ ಇದೆ.

ಮನೆ ಬದಲಾಗದಿದ್ದರೆ

ವಸತಿ ಪಾಲನೆಯ ದೊಡ್ಡ ದೋಷವೊಂದು ಒಳ್ಳೆಯ ಸಂಸ್ಥೆಗಳನ್ನೂ ಕಾಡುತ್ತದೆ. ಮಗುವನ್ನು ಮಾತ್ರ ರಿಪೇರಿಗೆ ಕಳಿಸಿ ಮನೆ ಹೇಗಿತ್ತೋ ಹಾಗೇ ಇದ್ದರೆ, ವರ್ಷವಾದ ಮೇಲೆ ಮಗು ಅದೇ ಜಗಳಕ್ಕೆ, ಅದೇ ಕುಡಿತಕ್ಕೆ, ಅದೇ ಗೆಳೆಯರ ಗುಂಪಿಗೆ ಮರಳುತ್ತದೆ. ಸಂಸ್ಥೆಯೊಳಗಿನ ಶಿಸ್ತು ಅಲ್ಲಿನ ಗಂಟೆ, ಅಲ್ಲಿನ ಅಂಕಗಳ ಜತೆ ಹೊಂದಿಕೊಂಡದ್ದು. ಅವಿಲ್ಲದ ಕಡೆ ಅದು ಬಹಳ ದಿನ ನಿಲ್ಲುವುದಿಲ್ಲ. ಆದ್ದರಿಂದಲೇ ಈ ಕ್ಷೇತ್ರ ಬಲ್ಲವರು ಮೂರು ಸಂಗತಿಗಳಿಗೆ ಒತ್ತು ಕೊಡುತ್ತಾರೆ: ಮಗು ಅಲ್ಲಿರುವಾಗಲೇ ಹೆತ್ತವರಿಗೂ ಆಪ್ತಸಮಾಲೋಚನೆ, ಸಾಧ್ಯವಾದಷ್ಟು ಕಡಿಮೆ ಅವಧಿ, ಮರಳಿದ ಮೇಲೆ ಹಲವು ತಿಂಗಳ ಬೆಂಬಲ.

ಅಮೆರಿಕದ ಕಾನೂನು ನಿಧಾನವಾಗಿ ಇದೇ ದಾರಿ ಹಿಡಿದಿದೆ. 2018ರ ಫ್ಯಾಮಿಲಿ ಫಸ್ಟ್ ಕಾಯ್ದೆಯ ಪ್ರಕಾರ, ಸರ್ಕಾರದ ಸುಪರ್ದಿಯಲ್ಲಿರುವ ಮಕ್ಕಳನ್ನು ವಸತಿ ಚಿಕಿತ್ಸಾ ಕೇಂದ್ರದಲ್ಲಿ ಇಡಲು ಕೇಂದ್ರ ಸರ್ಕಾರದ ಹಣ ಬೇಕಾದರೆ ಆ ಕೇಂದ್ರಕ್ಕೆ ಪರವಾನಗಿ ಮತ್ತು ಮಾನ್ಯತೆ ಇರಬೇಕು, ಚಿಕಿತ್ಸೆಯಲ್ಲಿ ಕುಟುಂಬವನ್ನು ಸೇರಿಸಿಕೊಳ್ಳಬೇಕು, ಬಿಡುಗಡೆಯಾದ ಮೇಲೆ ಕನಿಷ್ಠ ಆರು ತಿಂಗಳು ಕುಟುಂಬದೊಂದಿಗೆ ಕೆಲಸ ಮಾಡಬೇಕು. ಆದರೆ ಹೆತ್ತವರೇ ತಮ್ಮ ಹಣ ಕೊಟ್ಟು ಸೇರಿಸುವ ಖಾಸಗಿ ಮನೆಗಳಿಗೆ ಈ ಷರತ್ತು ತಾಗುವುದಿಲ್ಲ. ಚಿಕ್ಕಂದಿನಲ್ಲಿ ಇಂಥ ಕೇಂದ್ರಗಳಲ್ಲಿ ಅನುಭವಿಸಿದ್ದನ್ನು ಹೇಳಿಕೊಂಡ ಪ್ಯಾರಿಸ್ ಹಿಲ್ಟನ್ ವರ್ಷಗಟ್ಟಲೆ ಓಡಾಡಿದ್ದರಿಂದ 2024ರ ಡಿಸೆಂಬರಿನಲ್ಲಿ ಸಾಂಸ್ಥಿಕ ಮಕ್ಕಳ ದೌರ್ಜನ್ಯ ತಡೆ ಕಾಯ್ದೆಗೆ ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಅದು ಆಳವಾದ ಅಧ್ಯಯನಕ್ಕೆ ದಾರಿ ಮಾಡಿದೆ, ಯಾವ ಮನೆಗೂ ನೇರವಾಗಿ ಬೀಗ ಹಾಕುವ ಕಾನೂನಲ್ಲ.

ನಮ್ಮ ಪಾಲಿನ ಪ್ರಶ್ನೆ

ಈ ವಿಷಯದಲ್ಲಿ ನಮ್ಮ ಕಾನೂನು ಹಿಂದೆ ಬಿದ್ದಿಲ್ಲ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಧಾರ್ಮಿಕ ಸಂಸ್ಥೆಗೆ ವಿನಾಯಿತಿ ಇಲ್ಲ. ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಯನ್ನು ಸರ್ಕಾರ ನಡೆಸಲಿ, ಮಠ ನಡೆಸಲಿ, ಚರ್ಚ್ ಅಥವಾ ಮದರಸಾ ನಡೆಸಲಿ, 41ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ. ನೋಂದಾಯಿಸದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. 54ನೇ ಸೆಕ್ಷನ್ ಪ್ರಕಾರ ಮೂರು ತಿಂಗಳಿಗೊಮ್ಮೆ ತಪಾಸಣಾ ತಂಡ ಬರಬೇಕು. ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ಶಿಸ್ತಿನ ಹೆಸರಿನಲ್ಲಿ ಮಗುವಿನ ಮೈ ಮುಟ್ಟಿ ಶಿಕ್ಷಿಸಿದರೆ 82ನೇ ಸೆಕ್ಷನ್ ಇದೆ. ಮಿಸೌರಿ 2021ರಲ್ಲಿ ಕೇಳಿದ್ದಕ್ಕಿಂತ ಹೆಚ್ಚನ್ನು ನಾವು 2015ರಲ್ಲೇ ಬರೆದಿಟ್ಟಿದ್ದೇವೆ.

ಬರೆದಿಟ್ಟಿದ್ದೇವೆ, ನಿಜ. ಆದರೆ ಹೆತ್ತವರೇ ಸೇರಿಸಿದ ‘ಹಾಸ್ಟೆಲ್’, ‘ಗುರುಕುಲ’, ‘ಸಂಸ್ಕಾರ ಶಿಬಿರ’ಗಳು ತಾವು ಈ ಕಾಯ್ದೆಗೆ ಒಳಪಡುವುದಿಲ್ಲ ಎಂದು ನುಣುಚಿಕೊಳ್ಳುವುದು ಸುಲಭ. ಗಲ್ಲಿಗಲ್ಲಿಯಲ್ಲಿ ಹುಟ್ಟಿಕೊಂಡ ವ್ಯಸನಮುಕ್ತಿ ಕೇಂದ್ರಗಳದ್ದು ಇನ್ನೊಂದು ಕಥೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಪ್ರಾಪ್ತರನ್ನು ಒಳರೋಗಿಯಾಗಿ ಸೇರಿಸಿಕೊಳ್ಳುವುದು ಅಪರೂಪದ ಸಂದರ್ಭದಲ್ಲಿ ಮಾತ್ರ. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜತೆ ಇನ್ನೊಬ್ಬ ತಜ್ಞರು ಇಲ್ಲವೇ ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು. ವಯಸ್ಕರ ಜತೆ ಇಡುವಂತಿಲ್ಲ. ಮನೆಯವರು ಅಥವಾ ಅವರು ಗೊತ್ತು ಮಾಡಿದವರು ಮಗುವಿನ ಜತೆಗೇ ಇರಬೇಕು. ಹುಡುಗನನ್ನು ಗೇಟಿನಲ್ಲಿ ಬಿಟ್ಟು, ಮೂರು ತಿಂಗಳು ಬರಬೇಡಿ ಎಂದು ಹೇಳುವ ಕೇಂದ್ರ ಯಾವ ಧರ್ಮದ್ದೇ ಆಗಿರಲಿ, ಯಾವ ಸ್ವಾಮೀಜಿಯ, ಯಾವ ಪಾದ್ರಿಯ, ಯಾವ ಡಾಕ್ಟರರ ಫೋಟೊ ಹಾಕಿಕೊಂಡಿರಲಿ, ಈ ಕಾಯ್ದೆಯನ್ನು ಮೀರುತ್ತಿದೆ.

ಮಕ್ಕಳನ್ನು ಎಲ್ಲಿಗಾದರೂ ಸೇರಿಸುವ ಮುಂಚೆ ಹೆತ್ತವರು ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ನೋಂದಣಿ ಪತ್ರ ತೋರಿಸುತ್ತೀರಾ? ಹೇಳದೆ ಕೇಳದೆ ಬಂದರೆ ಮಗುವನ್ನು ನೋಡಬಹುದೇ? ಪಕ್ಕದಲ್ಲಿ ಯಾರೂ ಇಲ್ಲದೆ ಫೋನಿನಲ್ಲಿ ಮಾತಾಡಬಹುದೇ? ತಪ್ಪು ಮಾಡಿದರೆ ಏನು ಶಿಕ್ಷೆ, ಅದನ್ನು ಬರೆದುಕೊಡುತ್ತೀರಾ? ಚಿಕಿತ್ಸೆ ನೀಡುವವರ ಓದು, ಅರ್ಹತೆ ಏನು? ನಮ್ಮನ್ನೂ ಕೂರಿಸಿ ಮಾತಾಡುತ್ತೀರಾ? ಎಷ್ಟು ತಿಂಗಳು, ಆಮೇಲೆ ಏನು? ಒಳ್ಳೆಯ ಸಂಸ್ಥೆಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ‘ನಿಮಗೆ ದೇವರ ಮೇಲೆ ನಂಬಿಕೆ ಇಲ್ಲವೇ’ ಎಂದು ತಿರುಗಿ ಕೇಳಿದರೆ ಅಲ್ಲಿಂದ ಎದ್ದುಬನ್ನಿ. ದೇವರ ಮೇಲಿನ ನಂಬಿಕೆ ಬೇರೆ, ದೇವರ ಹೆಸರಿನಲ್ಲಿ ಮನೆ ನಡೆಸುವವರ ಮೇಲಿನ ನಂಬಿಕೆ ಬೇರೆ. ಮೊದಲನೆಯದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ, ಎರಡನೆಯದಕ್ಕೆ ಕೇಳಲೇಬೇಕು.

ಅಲ್ಲಿಯವರೆಗೂ ಹೋಗುವ ಮೊದಲು ಹತ್ತಿರದ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು, ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗವನ್ನು ಕಾಣಬಹುದು. ಸೇರಿಸಿದ ಮೇಲೆ ಮಗು ‘ಹೊಡೀತಾರೆ’ ಎಂದರೆ ಮೊದಲು ನಂಬಿ, ಆಮೇಲೆ ವಿಚಾರಿಸಿ. ಸುಳ್ಳೆಂದು ತಿಳಿದರೆ ಒಂದು ದಿನದ ಪ್ರಯಾಣ ದಂಡವಾದೀತು, ಅಷ್ಟೆ. ನಿಜವಾಗಿದ್ದರೆ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿಯೆಂಬ ಭೇದವಿಲ್ಲ. ಅಕ್ಕಪಕ್ಕದ ಕಟ್ಟಡದಿಂದ ಮಕ್ಕಳ ಅಳು ಕೇಳಿದ ನೆರೆಹೊರೆಯವರೂ ಆ ನಂಬರಿಗೆ ಫೋನ್ ಮಾಡಬಹುದು.